ಬಿಚ್ಚಿಕೊಳ್ಳುವ ಗಂಟು

ಹುಬ್ಬಳ್ಳಿಯ ಮಗ್ಗುಲಿನ ತಾರಿಹಾಳದಲ್ಲಿ ಎರಡು ಬಗೆಯ ಬದುಕು ಒಂದಕ್ಕೊಂದು ತಾಗಿಕೊಂಡಿವೆ. ಒಂದೆಡೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಇನ್ನೊಂದೆಡೆ ಎರೆಹೊಲಗಳು. ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣವನ್ನು ಕೂಡಿಸುವವನು ಬೆಸುಗೆ ಹಾಕುತ್ತಾನೆ. ಆ ಜೋಡಣೆ ಬಿಡಬಾರದು. ಬಿಟ್ಟಿತೆಂದರೆ ಕೆಲಸ ಕೆಟ್ಟಂತೆ. ಹೊಲದ ಒಕ್ಕಲಿಗನಾದರೋ ಎತ್ತನ್ನು ಗೂಟಕ್ಕೆ ಕಟ್ಟುವಾಗ ಕಗ್ಗಂಟು ಹಾಕುವುದಿಲ್ಲ, ಜಾರುಗಂಟು ಹಾಕುತ್ತಾನೆ. ರಾತ್ರಿಯೆಲ್ಲ ಎತ್ತು ಜಗ್ಗಿದರೂ ಅದು ಬಿಚ್ಚದು. ಬೆಳಗಾದ ಮೇಲೆ ಕಣ್ಣಿಯ ತುದಿಯನ್ನು ಹಿಡಿದೆಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವುದು. ಬೆಸುಗೆ ಬಲ್ಲವನು ಜಾಣನೋ ಜಾರುಗಂಟು ಬಲ್ಲವನು ಜಾಣನೋ ಎಂದು ಕೇಳಿದರೆ ತಟ್ಟನೆ ಉತ್ತರ ಹೇಳುವುದು ಕಷ್ಟ. ಜೀವವಂತೂ ಎರಡನ್ನೂ ಬಲ್ಲದು.

ಆ ಎತ್ತು, ಎರೆಹೊಲದ ಹತ್ತಿಯ ಗಿಡ, ಬೆಸುಗೆ ಹಾಕುವ ಕೆಲಸಗಾರ, ಈ ಎಲ್ಲರ ಜೀವಕೋಶಗಳಲ್ಲಿಯೂ ಡಿ.ಎನ್.ಎ. ಎಂಬ ಎಳೆ ಇದೆ. ಎಳೆ ಒಂದಲ್ಲ, ಎರಡು. ಹುರಿಗೊಂಡ ಹಗ್ಗದಂತೆ ಅವು ಒಂದನ್ನೊಂದು ಸುತ್ತಿಕೊಂಡಿವೆ. ಪ್ರತಿಯೊಂದು ಎಳೆಯ ಉದ್ದಕ್ಕೂ ಸಕ್ಕರೆ ಮತ್ತು ಫಾಸ್ಫೇಟುಗಳ ಸಾಲು ಬಿಗಿಯಾದ ರಾಸಾಯನಿಕ ಬಂಧಗಳಿಂದ ಕೂಡಿದೆ. ಇದು ಬೆಸುಗೆ. ಎಳೆಗಳಿಂದ ಒಳಮುಖವಾಗಿ ಅಡೆನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್ ಎಂಬ ನಾಲ್ಕು ಬಗೆಯ ಪ್ರತ್ಯಾಮ್ಲಗಳು ಚಾಚಿಕೊಂಡಿವೆ. ಅಡೆನೀನಿಗೆ ಎದುರಾಗಿ ಥೈಮೀನ್, ಗ್ವಾನೀನಿಗೆ ಎದುರಾಗಿ ಸೈಟೋಸೀನ್. ದೊಡ್ಡದಕ್ಕೆ ಚಿಕ್ಕದು ಜೊತೆಯಾಗುವುದರಿಂದ ಹುರಿಯ ದಪ್ಪ ಎಲ್ಲಿಯೂ ಹೆಚ್ಚುಕಡಮೆಯಾಗದು. ಇವುಗಳನ್ನು ಹಿಡಿದಿಟ್ಟಿರುವುದೇ ಹೈಡ್ರೋಜನ್ ಬಂಧ, ಅಂದರೆ ಜಾರುಗಂಟು.

ಈ ಗಂಟು ಬೀಳುವ ಬಗೆ ಸರಳವಾದುದು. ನೈಟ್ರೋಜನ್ನಿಗೆ ಅಂಟಿಕೊಂಡ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನನ್ನು ಆ ನೈಟ್ರೋಜನ್ ತನ್ನತ್ತ ಸೆಳೆದುಕೊಳ್ಳುತ್ತದೆ. ಹೈಡ್ರೋಜನ್ನಿನಲ್ಲಿ ತುಸು ಧನ ವಿದ್ಯುದಂಶ ಉಳಿಯುತ್ತದೆ. ಎದುರಿನ ಪ್ರತ್ಯಾಮ್ಲದ ಆಕ್ಸಿಜನ್ನೋ ನೈಟ್ರೋಜನ್ನೋ ತುಸು ಋಣ ವಿದ್ಯುದಂಶವನ್ನು ಹೊಂದಿದ್ದರೆ ಎರಡೂ ಪರಸ್ಪರ ಸೆಳೆಯುತ್ತವೆ. ಬೆಸುಗೆಯ ಬಲಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಅಡೆನೀನ್ ಮತ್ತು ಥೈಮೀನ್‌ಗಳ ನಡುವೆ ಇಂಥ ಗಂಟುಗಳು ಎರಡು. ಗ್ವಾನೀನ್ ಮತ್ತು ಸೈಟೋಸೀನ್‌ಗಳ ನಡುವೆ ಮೂರು. ಬುಟ್ಟಿಯಲ್ಲಿ ಪೇರಿಸಿದ ಖಡಕ್ ರೊಟ್ಟಿಗಳಂತೆ ಈ ಜೋಡಿಗಳು ಒಂದರ ಮೇಲೊಂದು ಅಡಕವಾಗಿ ಕುಳಿತಿರುವುದೂ ಹುರಿಯ ಗಟ್ಟಿತನಕ್ಕೆ ನೆರವಾಗುತ್ತದೆ.

ಈ ಜೊತೆಗಾರಿಕೆಯ ಸುಳಿವು ಮೊದಲು ಸಿಕ್ಕಿದುದು ಲೆಕ್ಕದಲ್ಲಿ. ಯಾವ ಜೀವಿಯ ಡಿ.ಎನ್.ಎ.ಯನ್ನು ಅಳೆದರೂ ಅಡೆನೀನಿನಷ್ಟೇ ಥೈಮೀನ್, ಗ್ವಾನೀನಿನಷ್ಟೇ ಸೈಟೋಸೀನ್ ದೊರೆಯುವುದೆಂದು 1950ರ ಹೊತ್ತಿಗೆ ಎರ್ವಿನ್ ಚಾರ್ಗಾಫ್ ತೋರಿಸಿದ್ದನು. ಏಕೆ ಹೀಗೆ? ಅದು ತಿಳಿಯಲಿಲ್ಲ. 1953ರ ಆರಂಭದಲ್ಲಿ ಕೇಂಬ್ರಿಜ್‌ನಲ್ಲಿ ಜೇಮ್ಸ್ ವಾಟ್ಸನ್ ರಟ್ಟಿನ ತುಂಡುಗಳನ್ನು ಕತ್ತರಿಸಿಕೊಂಡು ಪ್ರತ್ಯಾಮ್ಲಗಳನ್ನು ಹೊಂದಿಸಲು ಹೆಣಗುತ್ತಿದ್ದನು. ಹೊಂದಲಿಲ್ಲ. ಅವನು ನಂಬಿದ್ದ ಪಠ್ಯಪುಸ್ತಕಗಳಲ್ಲಿಯೇ ಹೈಡ್ರೋಜನ್ ಪರಮಾಣುಗಳನ್ನು ತಪ್ಪು ಜಾಗದಲ್ಲಿ ಬರೆದಿದ್ದರು! ಅದೇ ಕೊಠಡಿಯಲ್ಲಿ ಕೂರುತ್ತಿದ್ದ ರಸಾಯನಶಾಸ್ತ್ರಜ್ಞ ಜೆರಿ ಡೊನೊಹ್ಯೂ ಅದನ್ನು ತಿದ್ದಿದನು. ಪಠ್ಯಪುಸ್ತಕದ ಪಾಠವೊಂದು ಈ ಸಂಗತಿಯನ್ನು ಹೇಳುವುದು ತುಸು ವಿನೋದವೇ ಸರಿ. ಆದರೆ ಹೇಳದೆ ಬಿಡುವುದು ನ್ಯಾಯವಲ್ಲ. ತಿದ್ದಿದ ಮೇಲೆ ರಟ್ಟಿನ ತುಂಡುಗಳು ತಾವಾಗಿಯೇ ಜೊತೆಗೂಡಿದವು. ರೊಸಾಲಿಂಡ್ ಫ್ರಾಂಕ್ಲಿನ್ನಳ ಎಕ್ಸ್-ಕಿರಣ ಚಿತ್ರಗಳ ಆಧಾರವೂ ಸೇರಿ, ಏಪ್ರಿಲ್ ತಿಂಗಳಲ್ಲಿ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ಮಾದರಿಯನ್ನು ಪ್ರಕಟಿಸಿದರು. ಅವರು ಗ್ವಾನೀನ್ ಜೋಡಿಗೂ ಎರಡೇ ಗಂಟುಗಳನ್ನು ಬರೆದಿದ್ದರು. ಮೂರನೆಯದನ್ನು 1956ರಲ್ಲಿ ಪಾಲಿಂಗ್ ಮತ್ತು ಕೋರಿ ತೋರಿಸಿಕೊಟ್ಟರು.

ಆದರೂ ಅದು ಮಾದರಿ. ಗಂಟನ್ನು ಕಣ್ಣಾರೆ ಕಂಡವರು ಯಾರು? 1959ರಲ್ಲಿ ಕಾರ್ಸ್ಟ್ ಹೂಗ್‌ಸ್ಟೀನ್ ಅಡೆನೀನ್ ಮತ್ತು ಥೈಮೀನ್‌ಗಳ ರೂಪಾಂತರಗಳನ್ನು ಕೂಡಿಸಿ ಬೆಳೆಸಿದ ಹರಳಿನಲ್ಲಿ ಅವು ಜೊತೆಯಾಗಿದ್ದವು, ಆದರೆ ಬೇರೊಂದು ಬಗೆಯಲ್ಲಿ! ಎಲ್ಲರೂ ಒಪ್ಪಿ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದ್ದ ಚಿತ್ರ ಸರಿಯೇ ಎಂಬ ಸಂದೇಹಕ್ಕೆ ಎಡೆಯಾಯಿತು. 1973ರಲ್ಲಿ ಆರ್.ಎನ್.ಎ.ಯ ಪುಟ್ಟ ತುಣುಕುಗಳಲ್ಲಿ ವಾಟ್ಸನ್ ಮತ್ತು ಕ್ರಿಕ್ ಹೇಳಿದಂಥ ಜೋಡಣೆಯೇ ಕಂಡಿತು. ಡಿ.ಎನ್.ಎ.ಯ ಮಾತು ಉಳಿದಿತ್ತು. ಅದನ್ನು ಬಗೆಹರಿಸಿದವರಲ್ಲಿ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ವಿಶ್ವಾಮಿತ್ರ. ಅವರೂ ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮತ್ತು ಸಂಗಡಿಗರೂ ಅಡೆನೀನ್, ಥೈಮೀನ್, ಅಡೆನೀನ್, ಥೈಮೀನ್ ಎಂಬ ನಾಲ್ಕೇ ಪ್ರತ್ಯಾಮ್ಲಗಳ ಡಿ.ಎನ್.ಎ. ತುಣುಕಿನ ಹರಳಿಗೆ ಎಕ್ಸ್-ಕಿರಣಗಳನ್ನು ಹಾಯಿಸಿ, ಒಂದೊಂದು ಪರಮಾಣುವಿನ ನೆಲೆಯನ್ನೂ ಗುರುತಿಸಿದರು. ಅಲ್ಲಿ ರಟ್ಟಿನ ತುಂಡುಗಳು ಹೇಳಿದಂತೆಯೇ ಗಂಟು ಬಿದ್ದಿತ್ತು. 1978ರಲ್ಲಿ, ಎಂದರೆ ಮಾದರಿ ಬಂದು ಇಪ್ಪತ್ತೈದು ವರ್ಷಗಳಾದ ಮೇಲೆ, ಈ ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹೂಗ್‌ಸ್ಟೀನ್ ಕಂಡುದೂ ಸುಳ್ಳಲ್ಲ, ಡಿ.ಎನ್.ಎ. ಆಗೊಮ್ಮೆ ಈಗೊಮ್ಮೆ ಕ್ಷಣಮಾತ್ರ ಆ ಭಂಗಿಯನ್ನೂ ತಾಳುವುದೆಂದು 2011ರಲ್ಲಿ ತಿಳಿದುಬಂದಿತು.

ಗಂಟು ಇಷ್ಟು ಸಡಿಲವಾಗಿರುವುದು ಕೊರತೆಯಲ್ಲವೆ? ಮನುಷ್ಯನ ಒಂದು ಪಾಲಿನ ವಂಶವಾಹಿಗಳಲ್ಲಿ ಸುಮಾರು 300 ಕೋಟಿ ಜೋಡಿಗಳಿವೆ. ಒಂದೊಂದು ಗಂಟು ದುರ್ಬಲವಾದರೂ ಅಷ್ಟೊಂದು ಸೇರಿದಾಗ ಹುರಿ ಬಿಡುವುದಿಲ್ಲ. ಆದರೆ ಜೀವಕೋಶ ಒಂದು ಎರಡಾಗುವಾಗ ಹುರಿ ಬಿಡಲೇಬೇಕು. ಆಗ ಕಿಣ್ವವೊಂದು ಗಂಟುಗಳನ್ನು ಸಾಲಾಗಿ ಬಿಚ್ಚುತ್ತ ಸಾಗುತ್ತದೆ. ಒಂಟಿಯಾದ ಪ್ರತಿಯೊಂದು ಎಳೆಯ ಎದುರಿಗೂ ಅಡೆನೀನಿಗೆ ಥೈಮೀನ್, ಗ್ವಾನೀನಿಗೆ ಸೈಟೋಸೀನ್ ಬಂದು ಕೂಡುತ್ತವೆ. ಒಂದು ಹುರಿಯಿದ್ದಲ್ಲಿ ಎರಡು ಸಿದ್ಧವಾಗುತ್ತವೆ. ಇಲ್ಲಿಯೂ ಬೆಸುಗೆಯೇ ಇದ್ದಿದ್ದರೆ ಹತ್ತಿಯ ಬೀಜ ಮೊಳೆಯುತ್ತಿರಲಿಲ್ಲ, ಕರು ಬೆಳೆದು ಎತ್ತಾಗುತ್ತಿರಲಿಲ್ಲ.

ಇದೇ ಕೆಲಸವನ್ನು ಮನುಷ್ಯನು ಕೊಳವೆಯಲ್ಲಿ ಮಾಡಿಸಲು ಕಲಿತಿದ್ದಾನೆ. 2020ರಲ್ಲಿ ಕೊರೋನಾ ಬಂದಾಗ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ಪ್ರಯೋಗಾಲಯವೂ ಇದನ್ನೇ ನೆಚ್ಚಿಕೊಂಡಿತ್ತು. ಮೂಗು ಗಂಟಲುಗಳಿಂದ ತೆಗೆದ ದ್ರವದಲ್ಲಿ ವೈರಾಣುವಿನ ಆರ್.ಎನ್.ಎ. ಇದ್ದರೆ ಮೊದಲು ಅದರಿಂದ ಡಿ.ಎನ್.ಎ. ಎಳೆಯನ್ನು ಮಾಡಿಕೊಳ್ಳುತ್ತಾರೆ. ಬಳಿಕ ಕೊಳವೆಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಹೈಡ್ರೋಜನ್ ಬಂಧಗಳೆಲ್ಲ ಬಿಚ್ಚಿ ಎಳೆಗಳು ಬೇರೆಯಾಗುತ್ತವೆ. ಬೆಸುಗೆಗಳು ಮಾತ್ರ ಅಲುಗುವುದಿಲ್ಲ. ತಣಿಸಿದಾಗ, ಮೊದಲೇ ಬೆರೆಸಿಟ್ಟ ಚಿಕ್ಕ ಎಳೆಗಳು ತಮಗೆ ಹೊಂದುವ ಜೊತೆಯನ್ನು ಹುಡುಕಿ ಕೂಡುತ್ತವೆ. ಅಲ್ಲಿಂದ ಹೊಸ ಎಳೆ ಬೆಳೆಯುತ್ತದೆ. ಮತ್ತೆ ಕಾಯಿಸುವುದು, ಮತ್ತೆ ತಣಿಸುವುದು. ಹೀಗೆ ಸುಮಾರು ನಲವತ್ತು ಸುತ್ತು. ವೈರಾಣು ಇದ್ದರೆ ಪ್ರತಿ ಸುತ್ತಿಗೂ ಎಳೆಗಳು ಸುಮಾರು ಇಮ್ಮಡಿಯಾಗುತ್ತ ಹೋಗಿ ಯಂತ್ರಕ್ಕೆ ಗೋಚರಿಸುತ್ತವೆ. ಇಲ್ಲದಿದ್ದರೆ ಆ ಚಿಕ್ಕ ಎಳೆಗಳಿಗೆ ಜೊತೆ ಸಿಗದು, ಗಂಟು ಬೀಳದು.