ಕೇಳಿ ಪಡೆಯಬೇಕಾದ ಬಾಕಿ



ನಿಮ್ಮಲ್ಲಿ ಹಲವರಿಗೆ ಕನ್ನಡ ಮಾತನಾಡುವಷ್ಟು ಸಲೀಸಾಗಿ ಓದಲು ಬರುವುದಿಲ್ಲ ಎಂಬುದನ್ನು ಬಲ್ಲೆ. ಆದರೂ ಈ ಸಲ ಹಬ್ಬ, ಅಡುಗೆಯ ವಿಷಯ ಬಿಟ್ಟು, ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಆಡುವ ಒಂದು ಸಂಗತಿಯನ್ನು ಬರೆಯುತ್ತಿದ್ದೇನೆ. ನಿಧಾನವಾಗಿಯಾದರೂ ಪೂರ್ತಿ ಓದಿ.

2009ರಲ್ಲಿ ನನ್ನ ತಂಗಿ ನಾಲ್ಕು ವರ್ಷದ ಮಗಳ ಕೈ ಹಿಡಿದು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಗಂಡನ ಜೊತೆ ಬಾಳುವುದು ಸಾಧ್ಯವಾಗಿರಲಿಲ್ಲ. ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. ಮರುವರ್ಷ ಆದೇಶ ಬಂತು: ಮಗುವಿನ ಜೀವನಾಂಶವೆಂದು ತಂದೆ ತಿಂಗಳಿಗೆ 4,000 ರೂಪಾಯಿ ಕೊಡಬೇಕು. ಮನೆಯಲ್ಲಿ ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ. ಆದೇಶವನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿ, "ಕೊಡತಕ್ಕದ್ದು ಅಂತ ಸರಕಾರವೇ ಬರೆದುಕೊಟ್ಟ ಮೇಲೆ ಇನ್ನೇನು, ಮುಗಿಯಿತು" ಎಂದೆ.

ನಾಲ್ಕು ತಿಂಗಳು ಹಣ ಬಂತು. ಆಮೇಲೆ ನಿಂತಿತು. "ಅಕ್ಕಾ, ವಕೀಲರನ್ನು ಕಂಡು ಬರುವನಾ?" ಎಂದು ತಂಗಿ ಕೇಳಿದಾಗಲೆಲ್ಲ ನಾನೇ ತಡೆದೆ. "ಇರು ಮಾರಾಯ್ತಿ, ಮತ್ತೆ ಕೋರ್ಟು ಕಚೇರಿ ಅಂತ ಅಲೆದರೆ ಜನ ಏನು ಹೇಳ್ತಾರೆ? ಬಾಕಿ ಎಲ್ಲಿಗೆ ಹೋಗ್ತದೆ? ಸೇರಿಸಿ ಒಟ್ಟಿಗೆ ಕೇಳಿದರಾಯಿತು." ಹೀಗೆ ಹದಿನೆಂಟು ತಿಂಗಳು ಕಳೆಯಿತು.

ಕೊನೆಗೂ ಹೋದಾಗ ವಕೀಲರು ತಾರೀಖುಗಳನ್ನು ಲೆಕ್ಕ ಹಾಕಿ ತಲೆಯಾಡಿಸಿದರು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಹಣದ ವಸೂಲಿಗೆ ವಾರಂಟು ಹೊರಡಿಸುವಂತಿಲ್ಲ ಎಂದು ಕಾನೂನಿನಲ್ಲೇ ಇದೆಯಂತೆ. ಮೊದಲ ಆರು ತಿಂಗಳ 24,000 ರೂಪಾಯಿಗೆ ಆ ದಾರಿ ಮುಚ್ಚಿಹೋಗಿತ್ತು. ಆ ವರ್ಷ ಮಗುವಿನ ಶಾಲೆಯ ಫೀಸಿಗೆಂದು ತಂಗಿ ತನ್ನ ಎರಡು ಬಳೆ ಅಡವಿಟ್ಟಳು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಉಳಿದ ಹನ್ನೆರಡು ತಿಂಗಳ ಹಣ ಹೇಗೆ ಬಂತು ಗೊತ್ತೇ? ಜೀವನಾಂಶದ ಬಾಕಿಯನ್ನು ದಂಡದ ಹಣದಂತೆಯೇ ವಸೂಲು ಮಾಡಬಹುದು. ಅಂದರೆ ಸಾಮಾನು ಜಪ್ತಿ ಮಾಡಬಹುದು, ಇಲ್ಲವೇ ಜಿಲ್ಲಾಧಿಕಾರಿಗೆ ವಾರಂಟು ಕಳಿಸಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ಕಂದಾಯ ಕಟ್ಟದವರ ಮನೆಯಿಂದ ತಾಮ್ರದ ಹಂಡೆ ಹೊತ್ತೊಯ್ದ ಕಥೆಯನ್ನು ನಮ್ಮ ಅಜ್ಜ ಹೇಳುತ್ತಿದ್ದರು. ಒಂದು ಮಗುವಿನ ಅನ್ನದ ಹಣಕ್ಕೂ ಅಷ್ಟೇ ಬಲವಿದೆ ಎಂದು ನನಗೆ ತಿಳಿದದ್ದು ಅಂದೇ. ಅವನಿಗೆ ಊರಿನ ಅಡಿಕೆ ತೋಟದಲ್ಲಿ ಪಾಲಿತ್ತು. ವಕೀಲರು ಅದನ್ನು ಕಾಣಿಸಿ ಅರ್ಜಿ ಹಾಕಿದರು. ನೋಟಿಸು ಊರಿಗೆ ತಲುಪಿದ ಮೇಲೆ ಅವನ ಅಣ್ಣನೇ ಮುಂಬಯಿಗೆ ಬಂದು 48,000 ರೂಪಾಯಿ ಕಟ್ಟಿ ಹೋದರು. ನಾವು ಮರ್ಯಾದೆಗೆ ಅಂಜಿ ಸುಮ್ಮನಿದ್ದೆವು. ಅವರು ಮರ್ಯಾದೆಗೆ ಅಂಜಿ ಹಣ ಕಟ್ಟಿದರು!

ವಾರಂಟಿಗೂ ಬಗ್ಗದವರನ್ನು ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ.

ನಿಮ್ಮಲ್ಲಿ ಕೆಲವರು ಅಮೆರಿಕಕ್ಕೆ ಹೋಗುವವರು. 1975ರ ಕಾನೂನಿನ ನಂತರ ಅಲ್ಲಿನ ರಾಜ್ಯಗಳು ಇದಕ್ಕೆಂದೇ ಇಲಾಖೆ ನಡೆಸುತ್ತವೆ. ತಂದೆಯ ಸಂಬಳದಿಂದಲೇ ಹಣ ಮುರಿದುಕೊಳ್ಳುತ್ತಾರೆ. ಬಾಕಿ 2,500 ಡಾಲರ್ ಮೀರಿದರೆ ಪಾಸ್‌ಪೋರ್ಟು ಸಿಗುವುದಿಲ್ಲ. ನಮ್ಮಲ್ಲಿ ಅಂಥ ಇಲಾಖೆಯಿಲ್ಲ. ಕಾನೂನಿಗೆ ಬಲವಿದೆ, ಆದರೆ ಪ್ರತಿ ಸಲವೂ ತಾಯಿಯೇ ಹೋಗಿ ಅದನ್ನು ಎಬ್ಬಿಸಬೇಕು.

ಹಾಗಾಗಿ ಇಷ್ಟನ್ನು ನೆನಪಿಡಿ. 2001ರವರೆಗೆ ಈ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು, ಈಗ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಒಂದು ವರ್ಷದ ಗಡುವು ಅಲ್ಲಿಯೂ ಇದೆ. ಗಂಡನ ಊರಿಗೇ ಹೋಗಬೇಕಾಗಿಲ್ಲ, ಹೆಂಡತಿ ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು, ಇಬ್ಬರೂ ತಮ್ಮ ಆದಾಯ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ. ವಕೀಲರ ಫೀಸಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಆಮೇಲೆ ನಾವು ಯಾವ ಬಾಕಿಗೂ ವರ್ಷ ತುಂಬಲು ಬಿಡಲಿಲ್ಲ. ಆ ಮಗು ಈಗ ನಿಮ್ಮದೇ ವಯಸ್ಸಿನ ಹುಡುಗಿ, ಕೆಲಸಕ್ಕೂ ಸೇರಿದ್ದಾಳೆ. ಮೊನ್ನೆ ಕೇಳಿದಳು, "ದೊಡ್ಡಮ್ಮಾ, ಆಗೆಲ್ಲ ನಾವು ಅಪ್ಪನ ಹತ್ತಿರ ಭಿಕ್ಷೆ ಬೇಡಿದ ಹಾಗಾಯಿತಲ್ಲ?" "ಇಲ್ಲ ಮಗಾ, ಅದು ನಿನಗೆ ಬರಬೇಕಾಗಿದ್ದ ಬಾಕಿ. ಅದರಲ್ಲಿ ಆರು ತಿಂಗಳದ್ದನ್ನು ನಾನು ಕಳೆದೆ" ಎಂದು ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಘದ ಪತ್ರಿಕೆಗೆ ಇದನ್ನೇ ಬರೆಯಿರಿ" ಎಂದಳು.

ಬರೆದಿದ್ದೇನೆ. ಗಂಡುಮಕ್ಕಳೇ, ಸಂಸಾರ ಮುರಿದರೂ ತಂದೆತನ ಮುರಿಯುವುದಿಲ್ಲ. ಆ ಹಣವನ್ನು ತಿಂಗಳ ಮೊದಲ ಖರ್ಚೆಂದು ತೆಗೆದಿಡಿ. ಹೆಣ್ಣುಮಕ್ಕಳೇ, ನಿಮ್ಮ ಮನೆಯಲ್ಲಿ ಯಾವ ಅಕ್ಕನೋ ಚಿಕ್ಕಮ್ಮನೋ ಇಂಥ ಕಷ್ಟದಲ್ಲಿದ್ದರೆ, ನನ್ನ ಹಾಗೆ "ಇರು ಮಾರಾಯ್ತಿ" ಎನ್ನಬೇಡಿ. ಆದೇಶದ ತಾರೀಖು ನೋಡಿ, ಅವಳ ಜೊತೆ ಹೊರಡಿ.