ಎರಡು ಅನುಮಾನಗಳು

ಕಣ್ಣಿಗೆ ಕಾಣುವ ಸಂಬಂಧವು ಕಡಿದರೆ ಕಡಿದ ಸ್ಥಳವೂ ಕಣ್ಣಿಗೆ ಕಾಣುತ್ತದೆ. ಬಾವಿಯ ಹಗ್ಗವು ಹರಿದಿತೆಂದರೆ ಹರಿದ ತುದಿಯು ಕೈಯಲ್ಲಿಯೇ ಇರುವುದು. ಆ ವಿಷಯದಲ್ಲಿ ಮನೆಯವರೊಳಗೆ ವಾದಕ್ಕೆ ಎಡೆಯಿಲ್ಲ. ಕಾಣದ ಸಂಬಂಧವಾದರೋ ಹಾಗಲ್ಲ. ಅಲ್ಲಿ ಪ್ರತ್ಯಕ್ಷಕ್ಕೆ ಅವಕಾಶವಿಲ್ಲದಿರುವುದರಿಂದ ಅನುಮಾನವೊಂದೇ ಗತಿ. ಆದರೆ ಕನ್ನಡದಲ್ಲಿ ಅನುಮಾನವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ನ್ಯಾಯಶಾಸ್ತ್ರದ ಅನುಮಾನವು ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಕ್ರಮ. ಮನೆಮಾತಿನ ಅನುಮಾನವು ಹತ್ತಿರದಲ್ಲಿದ್ದವರ ಮೇಲೆ ಸಂಶಯಪಡುವ ಅಭ್ಯಾಸ. ಮೊದಲನೆಯದು ದೋಷವನ್ನು ಅರಸುತ್ತದೆ. ಎರಡನೆಯದು ದೋಷವನ್ನು ಹೊರಿಸುತ್ತದೆ. ಇವೆರಡರ ಅಂತರವು ಪಂಡಿತರ ಸಭೆಯಲ್ಲಿ ಮಾತ್ರವಲ್ಲದೆ ಮಕ್ಕಳ ಆಟದ ಸಾಮಾನಿನಲ್ಲಿಯೂ ತೋರಿಬರುವುದುಂಟು.

ತಂತಿಯ ನೆರವಿಲ್ಲದೆ ವಿದ್ಯುದಲೆಗಳು ದೂರದಲ್ಲಿ ಕೆಲಸಮಾಡಬಲ್ಲವೆಂಬುದನ್ನು ಆಚಾರ್ಯ ಜಗದೀಶಚಂದ್ರ ಬೋಸರು 1895ರ ಸುಮಾರಿನಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಗಂಟೆಯನ್ನು ಬಾರಿಸಿ, ಮದ್ದಿಗೆ ಕಿಡಿಹೊತ್ತಿಸಿ ತೋರಿಸಿಕೊಟ್ಟರು. ವೈಫೈ ಎಂದು ಈಗ ಮನೆಮನೆಯಲ್ಲಿ ಕರೆಯಲ್ಪಡುವ ವ್ಯವಸ್ಥೆಗೆ ಆಧಾರವಾದ ನಿಯಮಾವಳಿಯು 1997ರಲ್ಲಿ ಮೊದಲು ಹೊರಟಿತು. 2016ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಸಂಸ್ಥೆಯವರು ಹೊರತಂದ ಇ.ಎಸ್.ಪಿ. 32 ಎಂಬ ಚಿಪ್ಪಿನಲ್ಲಿ ಲೆಕ್ಕಮಾಡುವ ಬುದ್ಧಿಯೂ ವೈಫೈಯೂ ಒಂದೆಡೆ ಸೇರಿರುವುವು. ಅದನ್ನು ಕೂರಿಸಿದ ಎರಡು ಬೆರಳಗಲದ ಬೋರ್ಡು ಇಂದು ಪ್ರೌಢಶಾಲೆಯ ಹುಡುಗರ ಕೈಗೂ ಎಟಕುವಂತಾಗಿದೆ.

ಜಿಲ್ಲೆಯ ಊರೊಂದರಲ್ಲಿ, ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಬೇಸಗೆಯ ರಜೆಯಲ್ಲಿ ಅಂಥ ಬೋರ್ಡೊಂದನ್ನು ತರಿಸಿ ಎರಡು ಚಕ್ರದ ರೋಬಾಟುಗಾಡಿಯನ್ನು ಕಟ್ಟಿದನು. ಎರಡು ಪುಟ್ಟ ಮೋಟಾರುಗಳು, ನಾಲ್ಕು ಪೆನ್ಸಿಲ್ ಸೆಲ್ಲುಗಳು, ತಗಡಿನ ತಳ; ಫೋನಿನ ಪರದೆಯ ಮೇಲೆ ಬೆರಳಾಡಿಸಿದರೆ ಗಾಡಿಯು ಓಡಬೇಕು. ಮೊದಲ ದಿನ ಬೋರ್ಡಿಗೆ ಮನೆಯ ವೈಫೈಯೇ ಸಿಕ್ಕಲಿಲ್ಲ. ಮನೆಯ ರೌಟರು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ, ಬೇರೆಬೇರೆ ಹೆಸರುಗಳಿಂದ ಅಲೆಗಳನ್ನು ಹೊರಡಿಸುತ್ತಿದ್ದಿತು. ಈ ಬೋರ್ಡು ಮೊದಲನೆಯದನ್ನು ಮಾತ್ರ ಕೇಳಬಲ್ಲುದು. ಹುಡುಗನು ಕೊಟ್ಟಿದ್ದುದು ಎರಡನೆಯದರ ಹೆಸರು. ಅದನ್ನು ತಿದ್ದಿದ ಮೇಲೂ, ಹೆಸರಿನಲ್ಲಿ ದೊಡ್ಡಕ್ಷರವಿರಬೇಕಾದ ಕಡೆ ಸಣ್ಣಕ್ಷರ ಬಿದ್ದುದರಿಂದ ಇನ್ನೊಂದು ಗಂಟೆ ಹೋಯಿತು. ಇವೆರಡನ್ನೂ ಅವನು ತಾನೇ ಕಂಡುಹಿಡಿದು, ಮೂರು ದಿನ ಗಾಡಿಯನ್ನು ಹಜಾರದ ತುಂಬ ಓಡಿಸಿದನು.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಎಂಟು ವರ್ಷದ ತಂಗಿಯು ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದ ಚಕ್ರಗಳನ್ನು ತಿರುಗಿಸುತ್ತ ಕುಳಿತಿದ್ದಳು. ಮಧ್ಯಾಹ್ನ ಗಾಡಿಯು ಎರಡು ಗೇಣು ಓಡಿ ನಿಂತಿತು. ಫೋನಿನಲ್ಲಿ ಸಂಪರ್ಕ ತಪ್ಪಿತೆಂಬ ಸೂಚನೆ ಬಂದಿತು. ಕೆಲವು ಕ್ಷಣಗಳ ಮೇಲೆ ಸಂಪರ್ಕವು ತಾನಾಗಿಯೇ ಮರಳಿತು. ಓಡಿಸಿದೊಡನೆ ಪುನಃ ತಪ್ಪಿತು.

"ನೀನೇ ಕೆಳಗೆ ಹಾಕಿ ಹಾಳುಮಾಡಿದ್ದೀಯೆ," ಎಂದನು ಅಣ್ಣ.

"ಇಲ್ಲ ಅಣ್ಣ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ ಅಷ್ಟೆ," ಎಂದು ತಂಗಿಯು ಅತ್ತಳು. ಅಡಿಗೆಯ ಮನೆಯಿಂದ ಬಂದ ತಾಯಿಯು, ಇನ್ನು ಮೇಲೆ ಅದರ ಹತ್ತಿರ ಹೋಗಕೂಡದೆಂದು ಮಗಳಿಗೆ ಗದರಿಸಿ ಒಳಗೆ ಹೋದಳು. ವಿಚಾರಣೆಯೇ ಇಲ್ಲದೆ ತೀರ್ಪು ಆಗಿಹೋಯಿತು. ಹುಡುಗನಾದರೋ ಅದೇ ಮಧ್ಯಾಹ್ನ ಪಾಸ್‌ವರ್ಡನ್ನು ಬದಲಾಯಿಸಿದನು, ರೌಟರನ್ನು ಬೇರೆ ಗೋಡೆಗೆ ತಂದನು, ಪ್ರೋಗ್ರಾಮಿನ ಅರ್ಧವನ್ನು ಅಳಿಸಿ ಬರೆದನು. ಮೂರನ್ನೂ ಒಂದೇ ಏಟಿಗೆ ಮಾಡಿದುದರಿಂದ ಯಾವುದರಿಂದ ಏನಾಯಿತೆಂಬುದೂ ತಿಳಿಯದೆ, ಹೊಸ ಬೋರ್ಡಿಗೆ ಹಣ ಬೇಕೆಂದು ತಂದೆಯನ್ನು ಕೇಳುವುದಕ್ಕೆ ಸಿದ್ಧನಾದನು.

ಅವನ ಚಿಕ್ಕಪ್ಪನವರು ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯನ್ನಿಟ್ಟುಕೊಂಡವರು. ವೈಫೈಯ ವಿಷಯವನ್ನು ಅವರು ಹೆಚ್ಚಾಗಿ ಅರಿತವರಲ್ಲ. ಸಂಜೆ ಮನೆಗೆ ಬಂದವರು, ಯಾರು ಮುಟ್ಟಿದರೆಂದು ಕೇಳಲಿಲ್ಲ. ಯಾವಾಗ ನಿಲ್ಲುತ್ತದೆಂದು ಕೇಳಿದರು. ಅದಕ್ಕೆ ಹುಡುಗನಲ್ಲಿ ಉತ್ತರವಿರಲಿಲ್ಲ. "ಹಾಗಾದರೆ ಒಂದು ಹಾಳೆ ತೆಗೆದುಕೋ. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಮಾಡಿದೆ, ಏನಾಯಿತು, ಎರಡನ್ನೂ ಬರೆ," ಎಂದರು.

ಹಾಳೆಯ ಮೇಲೆ ಬಂದುದು ಇಷ್ಟು. ಗಾಡಿಯನ್ನು ಕೈಯಲ್ಲೆತ್ತಿ ಚಕ್ರಗಳನ್ನು ಗಾಳಿಯಲ್ಲಿ ತಿರುಗಿಸಿದಾಗ ಸಂಪರ್ಕವು ತಪ್ಪಲಿಲ್ಲ. ನೆಲಕ್ಕಿಟ್ಟು ಓಡಿಸಿದಾಗ ತಪ್ಪಿತು. ರೌಟರಿನ ಎದುರಿಗೇ ಓಡಿಸಿದಾಗಲೂ ತಪ್ಪಿತು. ಮೋಟಾರಿನ ತಂತಿಗಳನ್ನು ಬಿಚ್ಚಿ ಹಿತ್ತಿಲ ಬಾಗಿಲವರೆಗೆ ಒಯ್ದಾಗ ತಪ್ಪಲಿಲ್ಲ. ದೂರದಿಂದ ತೊಂದರೆಯಾಗುವುದಾದರೆ ಹಿತ್ತಿಲಲ್ಲಿ ತಪ್ಪಿ ರೌಟರಿನೆದುರಿಗೆ ನಿಲ್ಲಬೇಕಾಗಿತ್ತು. ಆದುದು ಅದಕ್ಕೆ ವಿರುದ್ಧ. ಭಾರವನ್ನೆಳೆಯುವ ಮೋಟಾರು ಇದ್ದಲ್ಲಿ ದೋಷವಿದೆ; ಅದಿಲ್ಲದಲ್ಲಿ ದೋಷವಿಲ್ಲ. ಇದನ್ನೇ ಶಾಸ್ತ್ರದವರು ಅನ್ವಯವ್ಯತಿರೇಕಗಳೆಂದು ಹೇಳುವುದು. ಚಿಕ್ಕಪ್ಪನವರು ಆ ಹೆಸರನ್ನು ಕೇಳಿದವರಲ್ಲವಾದರೂ ಮೂವತ್ತು ವರ್ಷ ಅದನ್ನೇ ಆಚರಿಸಿಕೊಂಡು ಬಂದಿದ್ದರು.

ನಡುವೆ ಒಂದು ವಿಚಿತ್ರವೂ ನಡೆಯಿತು. ಬೋರ್ಡು ಏನು ಹೇಳುತ್ತದೆಂಬುದನ್ನು ಓದುವುದಕ್ಕಾಗಿ ಹುಡುಗನು ಅದನ್ನು ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದೊಡನೆ ದೋಷವೇ ಮಾಯವಾಯಿತು. ಹೊಸ ಪ್ರೋಗ್ರಾಮಿನಿಂದ ವಾಸಿಯಾಯಿತೆಂದು ಅವನು ಹಿಗ್ಗಿ ತಂತಿಯನ್ನು ಕಿತ್ತನು. ದೋಷವು ಮರಳಿ ಬಂದಿತು. "ಆ ತಂತಿಯಲ್ಲಿ ಮಾತು ಮಾತ್ರ ಬರುತ್ತದೆಯೇನೋ?" ಎಂದು ಚಿಕ್ಕಪ್ಪನವರು ಕೇಳಿದರು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೆಂಟೂ ಬರುತ್ತದೆ ಚಿಕ್ಕಪ್ಪ," ಎಂದನು.

ಅಲ್ಲಿಗೆ ಕಾರಣದ ಜಾಡು ದೊರೆಯಿತು. ಬೋರ್ಡು ತಾನು ಪ್ರತಿ ಬಾರಿ ಮೊದಲಿನಿಂದ ಎದ್ದುಕೊಂಡಾಗಲೂ, ಹಾಗೇಕೆ ಎದ್ದೆನೆಂಬ ಕಾರಣವನ್ನು ನೆನಪಿಟ್ಟುಕೊಂಡಿರುವುದು. ಅದನ್ನು ಕೇಳಿ ಫೋನಿನ ಪರದೆಗೆ ಕಳುಹಿಸುವಂತೆ ಹುಡುಗನು ಪ್ರೋಗ್ರಾಮಿನಲ್ಲಿ ಒಂದು ಸಾಲನ್ನು ಸೇರಿಸಿದನು. ಗಾಡಿಯು ನಿಂತಿತು, ಸಂಪರ್ಕವು ಮರಳಿತು, ಉತ್ತರವೂ ಬಂದಿತು: ವೋಲ್ಟೇಜು ಕುಸಿದುದರಿಂದ. ವೈಫೈಯು ತಪ್ಪುತ್ತಿರಲೇ ಇಲ್ಲ. ಬೋರ್ಡೇ ಮೂರ್ಛೆಹೋಗಿ ಏಳುತ್ತಿದ್ದಿತು. ಎದ್ದಮೇಲೆ ವೈಫೈಯನ್ನು ಹುಡುಕಿ ಸೇರಿಕೊಳ್ಳುವುದಕ್ಕೆ ಹಿಡಿಯುತ್ತಿದ್ದ ಕ್ಷಣಗಳೇ ಫೋನಿಗೆ ಸಂಪರ್ಕವು ತಪ್ಪಿದಂತೆ ತೋರುತ್ತಿದ್ದುವು. ಜ್ವರವು ರೋಗವಲ್ಲ, ರೋಗದ ಲಕ್ಷಣವೆಂದು ವೈದ್ಯರು ಹೇಳುವುದು ಇಂಥ ಸಂದರ್ಭಕ್ಕೂ ಸಲ್ಲುತ್ತದೆ.

"ತೋಟದ ಪಂಪು ಹೊರಟಾಗ ಮನೆಯ ದೀಪ ಕುಗ್ಗುವುದನ್ನು ನೋಡಿಲ್ಲವೇ? ಇದೂ ಅದೇ," ಎಂದರು ಚಿಕ್ಕಪ್ಪನವರು. ಯಾವ ಮೋಟಾರಾದರೂ ನಿಂತ ನಿಲುವಿನಿಂದ ಹೊರಡುವಾಗ, ಓಡುತ್ತಿರುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ವೈಫೈಯ ಅಲೆಗಳನ್ನು ಹೊರಡಿಸುವಾಗ ಬೋರ್ಡೂ ಕ್ಷಣಕಾಲ 200 ಮಿಲಿಆಂಪಿಯರಿಗೂ ಮಿಕ್ಕು ಬೇಡುತ್ತದೆ. ಹೊಸ ಸೆಲ್ಲುಗಳು ನಾಲ್ಕು ಸೇರಿ 6 ವೋಲ್ಟನ್ನು ಕೊಡುವುವು. ಚಿಪ್ಪಿಗೆ ಬೇಕಾದುದು 3.3 ವೋಲ್ಟು. ಹೊಸದರಲ್ಲಿ ಎರಡರ ಬೇಡಿಕೆಯೂ ಸಾಗಿತು. ಮೂರು ದಿನದ ಓಟದಲ್ಲಿ ಬಳಲಿದ ಸೆಲ್ಲುಗಳು ನಾಲ್ಕನೆಯ ದಿನ ಎರಡು ಬೇಡಿಕೆಗಳನ್ನೂ ಒಮ್ಮೆಗೇ ಪೂರೈಸಲಾರದೆ ಹೋದುವು. ಕಾಗೆಯು ಬಂದು ಕೂರುವುದಕ್ಕೂ ತಾಳೆಯ ಹಣ್ಣು ಉದುರುವುದಕ್ಕೂ ಸರಿಹೋಯಿತು. ಕಾಗೆಯ ಸ್ಥಾನದಲ್ಲಿ ಎಂಟು ವರ್ಷದ ಮಗುವಿದ್ದಿತು, ಅಷ್ಟೆ.

ಚಿಕಿತ್ಸೆಯು ಸುಲಭವಾಗಿದ್ದಿತು. ಮೋಟಾರುಗಳಿಗೆ ಹೊಸ ಸೆಲ್ಲುಗಳನ್ನು ಹಾಕಿ, ಬೋರ್ಡಿಗೆ ಬೇರೆಯ ಬ್ಯಾಟರಿಯನ್ನು ಕೊಟ್ಟು, ಎರಡರ ಋಣತಂತಿಗಳನ್ನು ಮಾತ್ರ ಒಂದುಗೂಡಿಸಿದರು. ಗಾಡಿಯು ಹಜಾರವನ್ನು ದಾಟಿತು. ಆದರೆ ಒಳಕೋಣೆಯ ಕಬ್ಬಿಣದ ಬೀರುವಿನ ಹಿಂದೆ ಹೋದಾಗ ಸಂಪರ್ಕವು ಮತ್ತೊಮ್ಮೆ ತಪ್ಪಿತು. ಈ ಬಾರಿ ಬೋರ್ಡು ಮೂರ್ಛೆಹೋಗಿರಲಿಲ್ಲ. ವೈಫೈಯ ಬಲವು ಋಣ 50 ಡೆಸಿಬೆಲ್ಲಿನ ಹತ್ತಿರ ಇದ್ದುದು ಋಣ 88ಕ್ಕೆ ಇಳಿದಿತ್ತು. ಋಣ 80ರಿಂದ ಕೆಳಗೆ ಸಂಪರ್ಕವನ್ನು ನೆಚ್ಚುವಂತಿಲ್ಲ. 2.4 ಗಿಗಾಹರ್ಟ್ಸಿನ ಅಲೆಯು ಸುಮಾರು ಹನ್ನೆರಡೂವರೆ ಸೆಂಟಿಮೀಟರು ಉದ್ದವುಳ್ಳದ್ದು. ಕಬ್ಬಿಣದ ಹಲಗೆಯನ್ನು ಅದು ತೂರಿಹೋಗಲಾರದು. ಸಾಲದುದಕ್ಕೆ ಬೋರ್ಡಿನ ಆಂಟೆನಾ ಇರುವ ತುದಿಯು ಗಾಡಿಯ ತಗಡಿಗೆ ಅಂಟಿದಂತಿದ್ದಿತು. ಆ ತುದಿಯನ್ನು ತಗಡಿನಿಂದ ಹೊರಕ್ಕೆ ಚಾಚಿದಮೇಲೆ ಗಾಡಿಯು ಬೀರುವಿನ ಹಿಂದಿನಿಂದಲೂ ಮಾತು ಕೇಳಿತು. ಒಂದೇ ಲಕ್ಷಣದ ಹಿಂದೆ ಎರಡು ಕಾರಣಗಳಿರಬಹುದು. ಒಂದು ಸಿಕ್ಕಿತೆಂದು ಇನ್ನೊಂದನ್ನು ಅರಸದೆ ಬಿಡತಕ್ಕದ್ದಲ್ಲ.

ಹುಡುಗನು ತಂಗಿಯೊಡನೆ ಹೆಚ್ಚು ಮಾತನಾಡಲಿಲ್ಲ. ಫೋನನ್ನು ಅವಳ ಕೈಗೆ ಕೊಟ್ಟು, "ಮೊದಲು ನೀನು ಓಡಿಸು," ಎಂದನು. ಅವಳು ಗಾಡಿಯನ್ನು ಅಡಿಗೆಯ ಮನೆಯ ಹೊಸ್ತಿಲವರೆಗೆ ಓಡಿಸಿ, ತಾಯಿಯು ಅದನ್ನು ನೋಡುವವರೆಗೂ ಅಲ್ಲಿಯೇ ನಿಲ್ಲಿಸಿಕೊಂಡಿದ್ದಳು.

ಹೊಸ ಬೋರ್ಡಿನ ಹಣವು ಉಳಿಯಿತೆಂಬುದು ಇಲ್ಲಿ ದೊಡ್ಡ ಲಾಭವಲ್ಲ. ಆಯುರ್ವೇದದಲ್ಲಿ ರೋಗದ ಕಾರಣವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ನಿದಾನಕ್ಕೆ ನಿಧಾನವೂ ಬೇಕು. ಅವಸರದವರಿಗೆ ಸಿಕ್ಕುವುದು ಕಾರಣವಲ್ಲ, ಆರೋಪಿ. ಆ ಮನೆಯಲ್ಲಿ ಕಾರಣವು ಸಿಕ್ಕಿತು, ಮಗುವಿನ ಮೇಲಿನ ಅಪವಾದವು ತೊಲಗಿತು. ಆದರೆ ವಿಚಾರವಂತರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ಚಿಕ್ಕಪ್ಪನವರು ಆ ಸಂಜೆ ಬಾರದೆ ಇದ್ದಿದ್ದರೆ, ಕಾರಣವು ಎಂದಿಗೂ ತಿಳಿಯದೆ ಹೋಗಿದ್ದರೆ, ಮಗುವು ಅಪರಾಧಿಯಾಗಿಬಿಡುತ್ತಿದ್ದಳೆ? ಕಾರಣವು ತಿಳಿಯದಿರುವುದು ತಿಳಿಯದವನ ಕೊರತೆಯೇ ಹೊರತು ಹತ್ತಿರದಲ್ಲಿದ್ದವರ ತಪ್ಪಲ್ಲ. ಕಾಣದ ಸಂಬಂಧಗಳು ಮನೆಗಳಲ್ಲಿ ದಿನೇ ದಿನೇ ಹೆಚ್ಚುತ್ತಿರುವ ಈ ಕಾಲದಲ್ಲಿ, ಅವು ಕಡಿದಾಗ ಯಾವ ಅನುಮಾನವನ್ನು ಮೊದಲು ಎತ್ತಿಕೊಳ್ಳಬೇಕೆಂಬುದನ್ನು ಮಕ್ಕಳು ಹಿರಿಯರನ್ನು ನೋಡಿಯೇ ಕಲಿಯುವರು.