ಐರನಾಪೊಲಿಸ್ ಎಂಬ ತಂಡ

ಹಳೆಯ ಫುಟ್‌ಬಾಲ್ ಲೀಗ್ ಪಟ್ಟಿಯೊಂದರಲ್ಲಿ ಈಗಷ್ಟೇ ಕಣ್ಣಿಗೆ ಬಿದ್ದ ಹೆಸರು: ಮಿಡಲ್ಸ್‌ಬರೋ ಐರನಾಪೊಲಿಸ್. ‘ಕಬ್ಬಿಣದ ನಗರ’ ಎಂಬರ್ಥ; ಎಂಥ ಗತ್ತು!

1850ರಲ್ಲಿ ಪಕ್ಕದ ಎಸ್ಟನ್ ಗುಡ್ಡಗಳಲ್ಲಿ ಅದಿರು ಸಿಕ್ಕ ಮೇಲೆ ಇಂಗ್ಲೆಂಡಿನ ಮಿಡಲ್ಸ್‌ಬರೋ ಊರು ಕಬ್ಬಿಣದ ಕುಲುಮೆಗಳಿಂದಲೇ ಬೆಳೆಯಿತು. 1876ರಲ್ಲಿ ಮಿಡಲ್ಸ್‌ಬರೋ ಕ್ಲಬ್ ಹುಟ್ಟಿತು. ಆಟಗಾರರಿಗೆ ಸಂಬಳ ಕೊಡಬೇಕೇ ಬೇಡವೇ ಎಂಬ ಜಗಳ ಎದ್ದು, 1889ರಲ್ಲಿ ಸಂಬಳ ಕೊಡಲೇಬೇಕೆಂದ ಗುಂಪು ಹೊರಬಂದು ಐರನಾಪೊಲಿಸ್ ಕಟ್ಟಿತು. 1891ರಿಂದ ಸತತ ಮೂರು ವರ್ಷ ನಾರ್ದರ್ನ್ ಲೀಗ್ ಅದರದ್ದೇ. ಆಮೇಲೆ ಫುಟ್‌ಬಾಲ್ ಲೀಗಿನ ಎರಡನೇ ಡಿವಿಷನ್. ಅಲ್ಲಿ ಒಂದೇ ಸೀಸನ್; 1894ರಲ್ಲಿ ಹಣವಿಲ್ಲದೆ ಮುಚ್ಚಿತು.

ಹಳೆಯ ಕ್ಲಬ್ಬು ಕೆಲಕಾಲ ಸಂಬಳ ಕೊಟ್ಟು, ಮತ್ತೆ ಹವ್ಯಾಸಿಯಾಗಿ 1895ರಲ್ಲಿ ಎಫ್‌ಎ ಅಮೆಚೂರ್ ಕಪ್ ಗೆದ್ದಿತು. 1899ರಲ್ಲಿ ಅದೂ ಕಾಯಂ ಆಗಿ ವೃತ್ತಿಪರವಾಯಿತು.

ಐರನಾಪೊಲಿಸ್‌ನವರು ಹತ್ತು ವರ್ಷ ಮೊದಲೇ ಹಿಡಿದ ಹಟ ಸರಿಯಾಗಿತ್ತು ಅನ್ನಿಸುವುದಿಲ್ಲವೇ? ನೀವೇನಂತೀರಿ?